ಬಜಾರಿ ಜೋಡಿಯ ಹಾಡುಪಾಡು

ನಾವಿಬ್ಬರು ಎಲ್ಲಿಗೆ ಹಾಡೋಕೆ ಹೋದರೂ ಹಾಡು ಒಂದು ದಾರಿ ಹಿಡಿದರೆ ಅದರಿಂದ ಹುಟ್ಟುವ ಫಜೀತಿ ಇನ್ನೊಂದು ದಾರಿ ಹಿಡಿಯುತ್ತೆ. ಆರು ವರ್ಷದಿಂದ ನೋಡ್ತಾ ಇದ್ದೀನಿ, ಒಂದು ಸಲವೂ ಎರಡೂ ಒಟ್ಟಿಗೆ ಮನೆ ಸೇರಿಲ್ಲ.

ನಾನು ಮದ್ದೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿರುವವಳು. ನನ್ನ ಜೊತೆಗಾತಿ ಮಳವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಟೀಚರ್. ಊರೆಲ್ಲ ಅವಳನ್ನು ಮೇಡಂ ಅನ್ನುತ್ತೆ. ನಾನೂ ಹಾಗೇ ಕರೆಯೋದು, ಅರ್ಧ ಗೌರವಕ್ಕೆ, ಅರ್ಧ ರೇಗಿಸೋಕೆ. ಅವಳು ಲ್ಯಾಪ್‌ಟಾಪಿನಲ್ಲಿ ತಾಳ ಕೂರಿಸ್ತಾಳೆ, ಅದರ ಮೇಲೆ ತಮಟೆ ಬಡಿತಾಳೆ. ನಾನು ಪದ ಕಟ್ಟಿ ಹಾಡ್ತೀನಿ. ನಮ್ಮ ಹಿಂದೆ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ. ಹಾಡು ಮುಗಿದರೆ ಫೋನಿನಿಂದಲೇ ನೆಟ್ಟಿಗೆ ಹಾಕಿ, ಅವರವರ ಮನೆಗೆ ಹೋಗಿ ಸಾರು ಕಾಯಿಸ್ತೀವಿ.

ಬೇರೆಯವರು ಪ್ರೀತಿ, ಬೆಳದಿಂಗಳು ಅಂತ ಹಾಡ್ತಾರೆ. ನಾವು ಬಸ್ಸಿನ ಸೀಟು, ಹೆಣ್ಣು ನೋಡುವ ಶಾಸ್ತ್ರ, ಹೆಂಗಸರ ಶೌಚಾಲಯ, ಜಾತಿ ಕೇಳುವ ಚಾಳಿ, ಇಂಥವನ್ನು ಹಿಡಿದು ಕಾಲು ಕುಣಿಯುವ ಹಾಗೆ ಹಾಡ್ತೀವಿ. ಜನ ಮೊದಲು ಕುಣೀತಾರೆ, ಆಮೇಲೆ ಪದ ಕೇಳಿಸಿಕೊಳ್ತಾರೆ, ಅಲ್ಲಿಂದ ಮುಂದೆ ಗಲಾಟೆ. ಇದಕ್ಕೆ ಪಾಪ್ ಸಂಗೀತ ಅಂತಾರೆ ಅಂತ ಒಂದಿನ ನಮ್ಮತ್ತೆಗೆ ವಿವರಿಸಿದೆ. ಅವರು ಅದನ್ನು ಪಾಪದ ಸಂಗೀತ ಅಂತ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಯೋಚನೆ ಮಾಡಿ, ಪಾಪವೇ ಮಾಡು, ಆದರೆ ಕತ್ತಲಾಗೋದರೊಳಗೆ ಮನೆಗೆ ಬಾ ಅಂದರು.

ಹೆಸರು ಇಟ್ಟವರು ಒಬ್ಬರು, ತಿದ್ದಿದವರು ಒಬ್ಬರು

ನಮ್ಮ ಜೋಡಿಗೆ ಹೆಸರು ಸಿಕ್ಕಿದ್ದು ಮಳವಳ್ಳಿಯಿಂದ ಮದ್ದೂರಿಗೆ ಬರುವ ಬಸ್ಸಿನಲ್ಲಿ. ಬೆಳಗಿನ ಬಸ್ಸು, ಸೀಟಿಗೆ ನೂಕುನುಗ್ಗಲು. ನಾವಿಬ್ಬರೂ ಹೇಗೋ ಮುಂಚೆ ಹತ್ತಿ ಒಂದು ಸೀಟಿನ ಹತ್ತಿರ ಬಂದೆವು. ಅಷ್ಟರಲ್ಲಿ ಕಿಟಕಿಯ ಆಚೆಯಿಂದ ಒಂದು ಟವಲ್ಲು ಹಾರಿ ಬಂದು ಸೀಟಿನ ಮೇಲೆ ಬಿತ್ತು. ನಮ್ಮ ಕಡೆ ಟವಲ್ಲು ಬಿದ್ದರೆ ಸೀಟು ರಿಜಿಸ್ಟ್ರಾದ ಹಾಗೆ, ಅದನ್ನು ಯಾರೂ ಮುಟ್ಟಲ್ಲ. ಮೇಡಂ ಮುಟ್ಟಿದಳು. ಟವಲ್ಲನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು, ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿದಳು. ಟವಲ್ಲಿನ ಯಜಮಾನರು ಬೆವರಿಕೊಂಡು ಒಳಗೆ ಬಂದಾಗ, ಎರಡೂ ಕೈಯಿಂದ ಅವರಿಗೆ ಒಪ್ಪಿಸಿ, ಬೀಳಿಸಿಕೊಂಡಿದ್ರಿ ಅಂದಳು.

ಅವರು ಮದ್ದೂರಿನವರೆಗೂ ನಿಂತೇ ಬಂದರು. ದಾರಿಯುದ್ದಕ್ಕೂ ಪಕ್ಕದವರಿಗೆ ಕೇಳುವ ಹಾಗೆ, ಎರಡೂ ಬಜಾರಿಗಳು ಕಣ್ಲಾ, ಎರಡೂ ಬಜಾರಿಗಳು ಅಂತ ಹೇಳ್ತಾನೇ ಇದ್ದರು. ಬಸ್ಸು ಇಳಿಯುವಾಗ ಮೇಡಂ ನನ್ನ ಕಿವಿಯಲ್ಲಿ ಹೇಳಿದಳು, "ಲೇ, ಹೆಸರು ಸಿಕ್ತು ಕಣೇ."

ಹಾಗೆ ನಾವು ಬಜಾರಿ ಜೋಡಿ ಆದೆವು. ಮೊದಲ ಕಾರ್ಯಕ್ರಮ ಮಂಡ್ಯದ ಒಂದು ಬಡಾವಣೆಯ ರಾಜ್ಯೋತ್ಸವದಲ್ಲಿ. ಫ್ಲೆಕ್ಸ್ ಅಂಗಡಿಗೆ ಫೋನಿನಲ್ಲೇ ಹೆಸರು ಹೇಳಿದ್ದೆವು. ಹೋಗಿ ನೋಡಿದರೆ ವೇದಿಕೆಯ ಹಿಂದೆ ಗುಲಾಬಿ ಹೂವು, ಎರಡು ಗಿಣಿ, ನಡುವೆ ದಪ್ಪ ಅಕ್ಷರದಲ್ಲಿ "ಬಂಗಾರಿ ಜೋಡಿ". ಫ್ಲೆಕ್ಸ್ ಅಂಗಡಿಯವರನ್ನು ಕೇಳಿದರೆ ಅವರು ನಮ್ಮನ್ನೇ ಸಮಾಧಾನ ಮಾಡಿದರು. ಫೋನಿನಲ್ಲಿ ಸರಿಯಾಗಿಯೇ ಕೇಳಿಸಿತಂತೆ. ಆದರೆ ಅವರಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರಂತೆ, ಹೆಣ್ಣುಮಕ್ಕಳ ಹೆಸರನ್ನು ಹಾಗೆ ಹತ್ತಡಿಯಲ್ಲಿ ಪ್ರಿಂಟ್ ಹಾಕೋಕೆ ಕೈ ಬರಲಿಲ್ಲವಂತೆ. ಅದಕ್ಕೇ ತಾವೇ ಸರಿ ಮಾಡಿದರಂತೆ. ಇನ್ನೇನು ಹೇಳೋದು, ಥ್ಯಾಂಕ್ಸ್ ಹೇಳಿ ಬಂದೆವು.

ಬಂಗಾರಿಯರು ಅಂದ ಮೇಲೆ ಜನ ಭಾವಗೀತೆಗೆ ಕಿವಿ ಮಾಡಿಕೊಂಡು ಕೂತಿದ್ದರು. ನಾವು ಬಸ್ ಸೀಟಿನ ಹಾಡು ಶುರು ಮಾಡಿದೆವು, ಅದರಲ್ಲಿ ಟವಲ್ಲು ಎಸೆಯುವವರ ವಂಶವನ್ನೆಲ್ಲ ನಿವಾಳಿಸಿ ಹಾಕಿದ್ದೀವಿ. ಹಾಡು ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕುರ್ಚಿಯಲ್ಲಿ ಕೂತಿದ್ದ ಒಬ್ಬ ತಾತ ಪಕ್ಕದವರ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಮೈಕು ಹತ್ತಿರವೇ ಇದ್ದುದರಿಂದ ಬಡಾವಣೆಗೆಲ್ಲ ಕೇಳಿಸಿತು.

"ಬೋರ್ಡಲ್ಲಿ ಬಂಗಾರಿ ಅಂತ ಹಾಕವ್ರೆ. ನೋಡುದ್ರೆ ಎರಡೂ ಬಜಾರಿಗಳು ಕಣಪ್ಪ."

ತೋಳು ಬಿಗಿ

ನಮಗೆ ಸ್ಟುಡಿಯೋ ಇಲ್ಲ. ಆದರೆ ಹೊಲಿಗೆ ಅಂಗಡಿಯಲ್ಲಿ ನಾಲ್ಕು ಗೋಡೆಗೂ ಬಟ್ಟೆ ನೇತು ಹಾಕಿರ್ತೀನಲ್ಲ, ಅದಕ್ಕೇ ಅಲ್ಲಿ ಸದ್ದು ಗುಂಯ್‌ಗುಡಲ್ಲ. ಮಧ್ಯಾಹ್ನ ಗಿರಾಕಿಗಳು ಕಮ್ಮಿ ಇರುವ ಹೊತ್ತಿನಲ್ಲಿ ಷಟರ್ ಅರ್ಧ ಎಳೆದು ರೆಕಾರ್ಡ್ ಮಾಡ್ತೀವಿ.

ಒಂದು ಭಾನುವಾರ ಹುಡುಗಿಯರಿಗೆ ಮನೆಯವರು ಹೇಳುವ ಬುದ್ಧಿಮಾತಿನ ಹಾಡನ್ನು ರೆಕಾರ್ಡ್ ಮಾಡ್ತಾ ಇದ್ದೆವು. ಅದರ ಪಲ್ಲವಿ ಹೀಗೆ:

ನಿಂತ್ಕೋ ಅಂದ್ರೆ ನಿಂತ್ಕೋಬೇಕು
ಕೂತ್ಕೋ ಅಂದ್ರೆ ಕೂತ್ಕೋಬೇಕು
ನಗೋದಕ್ಕೂ ನಾಕು ಜನರ
ಪರ್ಮಿಷನ್ನು ಕೇಳಬೇಕು

ನಾಲ್ಕೈದು ಸಲ ಹಾಡಿ, ಕೊನೆಗೊಂದು ಸಲ ಚೆನ್ನಾಗಿ ಬಂತು. ಕೊನೆಯ ಸಾಲು ಮುಗಿದು, ತಮಟೆ ಗಕ್ಕನೆ ನಿಂತು, ಎರಡು ಕ್ಷಣ ಮೌನ. ಆ ಮೌನದಲ್ಲಿ ಷಟರಿನ ಕೆಳಗಿಂದ ಒಬ್ಬ ಅಜ್ಜಿ ಬಗ್ಗಿ ಒಳಗೆ ಬಂದು, ಬೇಜಾರಿನ ದನಿಯಲ್ಲಿ, "ತೋಳು ಬಿಗಿ ಆಯ್ತು ಕಣವ್ವ. ಎತ್ತಕ್ಕೇ ಆಗಕಿಲ್ಲ" ಅಂದರು. ಹಿಂದಿನ ವಾರ ನಾನು ಅವರಿಗೆ ಹೊಲಿದು ಕೊಟ್ಟಿದ್ದ ರವಿಕೆಯ ಮಾತು ಅದು. ನಾನು ಅಯ್ಯೋ ಟೇಕು ಹಾಳಾಯ್ತು ಅಂತ ತಲೆ ಚಚ್ಚಿಕೊಂಡೆ. ಮೇಡಂ ಕೇಳಿ ನೋಡಿದಳು, ಅಜ್ಜಿಯ ಮಾತು ತಾಳಕ್ಕೆ ಕೂತುಬಿಟ್ಟಿತ್ತು. ಅಜ್ಜಿಯನ್ನು ಕೇಳಿದೆವು, ಹಾಕ್ಕಳಿ ಅದಕ್ಕೇನಂತೆ ಅಂದರು. ಮೇಡಂ ಅದನ್ನು ಹಾಗೇ ಬಿಟ್ಟು, ಎರಡು ಸಲ ಪ್ರತಿಧ್ವನಿ ಕೊಟ್ಟು ಹಾಡು ಮುಗಿಸಿದಳು. ಆ ಗಲಾಟೆಯಲ್ಲಿ ಅಜ್ಜಿ ರವಿಕೆ ಕೊಡೋದನ್ನ ಮರೆತು ಹೊರಟುಹೋದರು.

ಹಾಡಿನಲ್ಲಿ ಜನ ಮೆಚ್ಚಿದ್ದು ನಾನು ಬರೆದ ನಾಲ್ಕು ಸಾಲನ್ನಲ್ಲ, ಅಜ್ಜಿಯ ಒಂದು ಸಾಲನ್ನ. ಬೆಂಗಳೂರಿನ ಯಾರೋ ಒಬ್ಬರು ಕೆಳಗೆ ನಾಲ್ಕು ಪ್ಯಾರಾ ಕಾಮೆಂಟು ಬರೆದಿದ್ದರು. ಎತ್ತಲಾಗದ ತೋಳು ಅನ್ನೋದು ತಲತಲಾಂತರದಿಂದ ಕಟ್ಟಿಹಾಕಿದ ಹೆಣ್ಣಿನ ಶಕ್ತಿಯಂತೆ. ಒಬ್ಬ ಕಾಲೇಜು ಲೆಕ್ಚರರ್ ಫೋನು ಮಾಡಿ, ಆ ರೂಪಕ ಹೊಳೆದದ್ದು ಹೇಗೆ ಅಂತ ಕೇಳಿದರು. ಸಾರ್ ಅದು ರೂಪಕ ಅಲ್ಲ, ರವಿಕೆ ಅಂದೆ. ಅವರು ನಕ್ಕು, ಕಲಾವಿದರು ಯಾವತ್ತೂ ಗುಟ್ಟು ಬಿಟ್ಟುಕೊಡಲ್ಲ ಅಂತ ಫೋನಿಟ್ಟರು.

ತಿಂಗಳಾದ ಮೇಲೆ ಅಜ್ಜಿ ಮತ್ತೆ ಬಂದರು. ನನಗೆ ಖುಷಿ ತಡೆಯಲಿಲ್ಲ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಹಾಡು ಹಾಕಿ ಕೇಳಿಸಿದೆ. ನಿಮ್ಮ ಮಾತನ್ನ ಎಲ್ಲೆಲ್ಲಿಯ ಜನವೋ ಕೇಳ್ತಾ ಇದ್ದಾರೆ, ದೊಡ್ಡ ದೊಡ್ಡವರು ಅದರ ಬಗ್ಗೆ ಬರೀತಾ ಇದ್ದಾರೆ ಅಂದೆ. ಅಜ್ಜಿ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಚೀಲದಿಂದ ರವಿಕೆ ತೆಗೆದು ಮಿಷಿನ್ನಿನ ಮೇಲೆ ಇಟ್ಟರು.

"ಕೇಳೋರು ಅಷ್ಟು ಜನ ಅವ್ರೆ, ಸಂತೋಸ. ಬಿಚ್ಚಿ ಸಡ್ಲ ಮಾಡೋರು ಯಾರವ್ವ?"

ಮೂಗರ್ಜಿ

ಅದೇ ಹಾಡಿನಿಂದ ಮೇಡಂ ಕೆಲಸಕ್ಕೆ ಕುತ್ತು ಬಂತು. ಶಾಲೆಯ ಆಡಳಿತ ಮಂಡಳಿಗೆ ಯಾರೋ ಸಹಿಯಿಲ್ಲದ ಮೂಗರ್ಜಿ ಬರೆದಿದ್ದರು. ಈ ಟೀಚರಮ್ಮ ಜೀನ್ಸ್ ಹಾಕ್ಕೊಂಡು ತಮಟೆ ಬಡಿದು ಅಸಭ್ಯ ಹಾಡು ಹಾಡ್ತಾರೆ, ಮಕ್ಕಳು ಕೆಡ್ತಾರೆ ಅಂತ. ಮಂಡಳಿಯವರು ವಿಚಾರಣೆ ಮಾಡಿ ವರದಿ ಕೊಡಿ ಅಂತ ಹೆಡ್‌ಮಾಸ್ಟರಿಗೆ ಕಾಗದ ಕಳಿಸಿದರು.

ಮೇಡಂ ಟವಲ್ಲಿಗೆ ಹೆದರದವಳು, ಅವತ್ತು ಹೆದರಿದಳು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮನೆ ನಡೀತಾ ಇದ್ದದ್ದು ಅವಳ ಸಂಬಳದಲ್ಲಿ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಪದ ಬರೆದವಳು ನೀನು, ನೀನೂ ಬಾ ಅಂದಳು. ಅಂಗಡಿ ಮುಚ್ಚಿ ಹೋದೆ.

ಹೆಡ್‌ಮಾಸ್ಟರು ಕನ್ನಡ ಮೇಷ್ಟ್ರು. ನಿವೃತ್ತಿಗೆ ಹತ್ತಿರ ಬಂದವರು, ನಕ್ಕದ್ದನ್ನು ಯಾರೂ ನೋಡಿದವರಿಲ್ಲ. ನಮ್ಮನ್ನು ಕೂರಿಸಿದರು. ವಿಚಾರಣೆ ಅಂದ ಮೇಲೆ ಸಾಕ್ಷ್ಯ ಬೇಕು, ಹಾಡನ್ನು ನಿಧಾನವಾಗಿ ಹೇಳಿ, ಬರೆದುಕೊಳ್ತೀನಿ ಅಂದರು. ಮೇಡಂ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದಳು. ಅವರು ದುಂಡಗೆ ಬರೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಸಾಲಿನ ಮೇಲೆಲ್ಲ ಸಣ್ಣ ಸಣ್ಣ ಗೆರೆ ಎಳೆಯೋಕೆ ಶುರು ಮಾಡಿದರು. ಏನು ಗುರುತು ಹಾಕ್ತಾ ಇದ್ದಾರೋ, ಕೆಲಸ ಹೋಯ್ತು ಅಂದುಕೊಂಡೆ. ಮೇಡಂ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು.

ಕೊನೆಗೆ ಅವರು ತಲೆ ಎತ್ತಿ, ಇದನ್ನು ಬರೆದವರು ಯಾರು ಅಂದರು. ನಾನು ಸ್ಕೂಲು ಹುಡುಗಿಯ ಹಾಗೆ ಎದ್ದು ನಿಂತೆ.

"ನಿಂತ್ಕೋ, ಕೂತ್ಕೋ. ಮೊದಲ ಎರಡು ಸಾಲಿಗೆ ಎರಡನೇ ಅಕ್ಷರ ಹೊಂದಿಸಿದ್ದೀರಿ. ಮೂರನೇ ಸಾಲಿಗೆ ನಗೋದಕ್ಕೂ ಅಂತ ಕೈಬಿಟ್ಟಿದ್ದೀರಿ. ಯಾಕಮ್ಮ?"

ಆತುರದಲ್ಲಿ ಬರೆದೆ ಸಾರ್, ತಪ್ಪಾಯ್ತು ಅಂದೆ. ತಪ್ಪೊಪ್ಪಿಗೆ ಅಂತ ಅದನ್ನೂ ಬರೆದುಕೊಂಡರು. ಒಂದು ವಾರ ನಾವು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಆಮೇಲೆ ಶಾಲೆಯ ಗುಮಾಸ್ತರು ವರದಿಯ ಪ್ರತಿಯನ್ನು ಮೇಡಂಗೆ ತೋರಿಸಿದರು. ಮೂರೇ ಸಾಲು. ಹಾಡಿನಲ್ಲಿ ಒಂದು ಪ್ರಾಸದೋಷ ಕಂಡುಬಂದಿದೆ, ಕವಯಿತ್ರಿ ಒಪ್ಪಿಕೊಂಡಿದ್ದಾರೆ. ಮೂಗರ್ಜಿಯಲ್ಲಿ ಹನ್ನೊಂದು ಕಾಗುಣಿತದ ತಪ್ಪುಗಳು ಕಂಡುಬಂದಿವೆ. ಅರ್ಜಿದಾರರು ಯಾರೆಂದು ತಿಳಿದುಬಂದಲ್ಲಿ ಅವರನ್ನು ಎಂಟನೇ ತರಗತಿಯಲ್ಲಿ ಕೂರಿಸಿ ತಿದ್ದಿಸಲಾಗುವುದು.

ನಮ್ಮ ಮನೆಯವರ ಉತ್ತರ

ನಮ್ಮ ಮನೆಯವರು ಗೂಡ್ಸ್ ಆಟೋ ಓಡಿಸ್ತಾರೆ. ನಮ್ಮ ಸ್ಪೀಕರ್ರು, ವೈರು, ತಮಟೆ ಎಲ್ಲ ಅದರಲ್ಲೇ ಹೋಗೋದು. ಮಾತು ಬಹಳ ಕಮ್ಮಿ. ಒಂದಿನ ಟೀ ಅಂಗಡಿಯಲ್ಲಿ ಅವರ ಸ್ನೇಹಿತರೆಲ್ಲ ಸೇರಿ ಅವರನ್ನು ಹಿಡಿದುಕೊಂಡರಂತೆ. ಎಂಡ್ರು ಊರೂರು ಸುತ್ತಿ ಗಂಡಸ್ರನ್ನೆಲ್ಲ ಆಡ್ಕಂಡು ಹಾಡ್ತಾಳಲ್ಲ, ನೀನು ಒಂದ್ ಮಾತೂ ಅನ್ನಕಿಲ್ವೇನ್ಲಾ ಅಂದರಂತೆ. ಇವರು ಟೀ ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಹೇಳಿದರಂತೆ.

"ಒಂದ್ಸಲ ಅಂದೆ ಕಣ್ಲಾ. ಅದು ಮುಂದಿನ ಹಾಡಾಗಿ ಬಂತು."

ಉಪ್ಪಿಟ್ಟಿನ ಸುಳ್ಳು

ನಿಡಘಟ್ಟದ ಹತ್ತಿರ ಹೆದ್ದಾರಿ ಬದಿಯ ಕಲ್ಯಾಣ ಮಂಟಪದಲ್ಲಿ ಒಂದು ಆರತಕ್ಷತೆಗೆ ಹಾಡೋಕೆ ಕರೆ ಬಂತು. ಮದುವೆ ಮನೆಗೆ ನಮ್ಮನ್ನು ಯಾರೂ ಕರೆಯಲ್ಲ, ಆದ್ದರಿಂದ ಆಶ್ಚರ್ಯವೇ ಆಯ್ತು. ಗಂಡಿನ ಕಡೆಯಿಂದ ಅಂತ ಹೇಳಿದ್ದರು.

ಸ್ಪೀಕರ್ ಜೋಡಿಸ್ತಾ ಇದ್ದಾಗ ಹುಡುಗಿಯ ತಂದೆ ಏದುಸಿರು ಬಿಡ್ತಾ ಬಂದರು. ಅವರಿಗೆ ಆಗಷ್ಟೇ ಯಾರೋ ನಾವು ಯಾರು ಅಂತ ಹೇಳಿದ್ದರು. ನಮ್ಮ ಹೆಣ್ಣು ನೋಡುವ ಹಾಡು ಅವರ ಕಿವಿಗೂ ಬಿದ್ದಿತ್ತು. ಬಂದವರು ಉಪ್ಪಿಟ್ಟು ತಿಂದ್ರು, ಕೇಸರಿಬಾತು ತಿಂದ್ರು, ಹುಡುಗಿ ನಡೆದು ತೋರ್ಸು ಅಂದ್ರು, ಕೂದಲು ಎಳೆದು ನಿಜಾನಾ ಅಂದ್ರು, ಹಿಂಗೆ ಹೋಗುತ್ತೆ ಆ ಹಾಡು. ಅವರು ಕೈ ಮುಗಿದರು. ಕೂದಲು ಎಳೆದದ್ದನ್ನು ಬಿಟ್ಟರೆ ಹೆಚ್ಚುಕಮ್ಮಿ ಎಲ್ಲ ನಮ್ಮ ಮನೇಲೂ ನಡೆದದ್ದೇ ಕಣಮ್ಮ, ಬೀಗರು ತಮ್ಮನ್ನೇ ಅಂದ್ರು ಅಂದ್ಕೊಂಡ್ರೆ ನನ್ನ ಮಗಳ ಗತಿಯೇನು, ಬೇರೆ ಯಾವುದಾದರೂ ಹಾಡಿ ಅಂದರು. ಅವರ ಮುಖ ನೋಡಿ ನಮಗೂ ಪಾಪ ಅನ್ನಿಸಿತು. ಆದರೆ ನಮ್ಮ ಹತ್ತಿರ ಯಾರನ್ನೂ ನೋಯಿಸದ ಹಾಡು ಒಂದೂ ಇಲ್ಲ. ಹಾಗಾಗಿ ಮೇಡಂ ಬರೀ ತಮಟೆ ಬಾರಿಸ್ತಾ ಕೂತಳು, ನಾನು ಆಗಾಗ ಆಲಾಪ ಎಳೀತಾ ನಿಂತೆ.

ಹದಿನೈದು ನಿಮಿಷ ಹೀಗೇ ನಡೀತು. ಆಮೇಲೆ ಮದುಮಗಳೇ ಸೀರೆ ಎತ್ತಿ ಹಿಡಿದು ವೇದಿಕೆ ಇಳಿದು ಬಂದಳು. ಹೆಣ್ಣು ನೋಡುವ ಹಾಡು ಯಾಕೆ ಹಾಡ್ತಿಲ್ಲ ಅಂತ ಕೇಳಿದಳು. ನಮ್ಮನ್ನು ಕರೆಸಿದ್ದು ಅವಳೇ, ಹುಡುಗನ ಕೈಲಿ ಫೋನು ಮಾಡಿಸಿದ್ದಳು, ಅಷ್ಟೇ. ಅಪ್ಪನ ಕಡೆ ನೋಡಿದೆವು. ಅವರು ಕುರ್ಚಿಯಲ್ಲಿ ಕೂತು ತಲೆ ಮೇಲೆ ಕೈ ಹೊತ್ತಿದ್ದರು. ಮದುಮಗಳು ಎದುರಿಗೇ ನಿಂತಿದ್ದಾಳೆ. ಹಾಡಿದೆವು.

ಹಾಡು ಮುಗಿದಾಗ ಹಾಲಿನಲ್ಲಿ ಚಪ್ಪಾಳೆ ಇಲ್ಲ, ಏನಿಲ್ಲ. ಹುಡುಗನ ತಾಯಿ ಮೊದಲ ಸಾಲಿನಿಂದ ಎದ್ದರು. ಮೈತುಂಬ ಒಡವೆ, ಬಿಗಿದ ಮುಖ. ನೇರ ನಮ್ಮ ಹತ್ತಿರ ನಡೆದು ಬಂದರು. ಅವರು ನನ್ನ ಕೈಯಿಂದ ಮೈಕು ತಗೊಂಡರು.

"ಹಾಡು ಚೆನ್ನಾಗದೆ. ಆದ್ರೆ ಒಂದು ಸುಳ್ಳದೆ. ನಾವು ಹೆಣ್ಣು ನೋಡಕ್ಕೆ ಬಂದಾಗ ಉಪ್ಪಿಟ್ಟು ಕೊಟ್ಟಿರ್ನಿಲ್ಲ. ಆರೋದ್ ವಡೆ ಕೊಟ್ಟಿದ್ರು."

ಅಷ್ಟು ಹೊತ್ತು ತಲೆ ಮೇಲೆ ಕೈ ಹೊತ್ತಿದ್ದ ಹುಡುಗಿಯ ತಂದೆ ಆಗ ಎದ್ದು ನಿಂತರು. ವಡೆ ಬಿಸಿಯಾಗೇ ಇತ್ತು, ಮದ್ದೂರಿನಿಂದ ಆಗಲೇ ಕಟ್ಟಿಸಿಕೊಂಡು ಬಂದದ್ದು, ನೀವು ಬಂದದ್ದು ಎರಡು ಗಂಟೆ ತಡ ಅಂದರು. ಹಾಲೆಲ್ಲ ನಕ್ಕಿತು. ಆ ಹುಡುಗಿ ಈಗ ನನ್ನ ಗಿರಾಕಿ. ಸಂಸಾರ ಚೆನ್ನಾಗಿದೆಯಂತೆ. ವಡೆಯ ಜಗಳ ಮಾತ್ರ ಇನ್ನೂ ತೀರ್ಮಾನ ಆಗಿಲ್ಲವಂತೆ.

ಬೀಗದ ಕೈ

ಬಸ್ ನಿಲ್ದಾಣಗಳಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ ಅಂತ ಒಂದು ಹಾಡು ಮಾಡಿದ್ದೆವು. ಅದರಲ್ಲಿ ನಾಯಕರು ಅನ್ನಿಸಿಕೊಂಡವರಿಗೆಲ್ಲ, ಒಂದು ದಿನ ಸೀರೆ ಉಟ್ಟು, ಎರಡು ಲೋಟ ಮಜ್ಜಿಗೆ ಕುಡಿದು, ಮೂರು ಗಂಟೆ ಬಸ್ಸು ಕಾಯಿರಿ ಅಂತ ಸವಾಲು ಹಾಕಿದ್ದೀವಿ. ಬೈಗುಳ ಬರುತ್ತೆ ಅಂತ ಕಾಯ್ತಾ ಇದ್ದರೆ, ಒಂದು ಊರಿನವರು ನಿಜವಾಗಲೂ ಕಟ್ಟಿಸಿಬಿಟ್ಟರು. ಊರಿನ ಹೆಸರು ಬೇಡ, ಪಾಪ ಒಳ್ಳೆಯ ಕೆಲಸ ಮಾಡಿದವರು. ಉದ್ಘಾಟನೆಗೆ ನೀವೇ ಬಂದು ಅದೇ ಹಾಡು ಹಾಡಬೇಕು ಅಂದರು. ನಮ್ಮ ಹಾಡಿನಿಂದ ಒಂದು ಕಟ್ಟಡ ಎದ್ದಿತಲ್ಲ ಅಂತ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಶಾಮಿಯಾನ, ಹಾರ, ರಿಬ್ಬನ್ನು, ಎಲ್ಲ ಇತ್ತು. ಮುಖಂಡರು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ರಿಬ್ಬನ್ನು ಕತ್ತರಿಸಿ, ಬಾಗಿಲು ತೆಗೆದು, ಒಳಗೆ ಇಣುಕಿ ನೋಡಿ, ಚಪ್ಪಾಳೆ ತಟ್ಟಿ, ಬಾಗಿಲು ಹಾಕಿದರು. ನಾವು ಹಾಡಿದೆವು. ಎಲ್ಲರೂ ಊಟಕ್ಕೆ ಹೊರಟರು. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟಿದ್ದ ಮೇಡಂ ಹಾಡಿನ ವಿಷಯವನ್ನು ಬಹಳ ಹೊತ್ತಿನಿಂದ ಖುದ್ದಾಗಿ ಅನುಭವಿಸ್ತಾ ಇದ್ದಳು. ಹೊಸ ಶೌಚಾಲಯದ ಹತ್ತಿರ ಓಡಿದಳು. ಬಾಗಿಲಿಗೆ ಅಂಗೈಯಗಲದ ಬೀಗ.

ನೋಡಿಕೊಳ್ಳೋಕೆ ಅಂತ ನೇಮಿಸಿದ್ದ ಒಬ್ಬರು ಹಿರಿಯರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೀಗದ ಕೈ ಅವರ ಉಡಿದಾರದಲ್ಲಿ ತೂಗ್ತಾ ಇತ್ತು. ಉದ್ಘಾಟನೆ ಆಯ್ತಲ್ಲ, ಇನ್ನೂ ಯಾಕೆ ಬೀಗ ಅಂತ ಮೇಡಂ ಕಾಲು ಅದುಮಿಕೊಂಡು ಕೇಳಿದಳು. ಅವರು ಇವಳನ್ನು ಅರಿಯದ ಮಗುವನ್ನು ನೋಡುವ ಹಾಗೆ ನೋಡಿದರು.

"ಬೀಗ ತಗುದ್ರೆ ಜನ ಒಳೀಕೆ ಹೋಗ್ಬುಡ್ತಾರೆ ಕಣಮ್ಮ."

ಮೊಮ್ಮಗಳು

ಇದನ್ನು ಹೇಳೋಕೆ ಮುಂಚೆ ಮೇಡಂ ಮನೆ ವಿಷಯ ಸ್ವಲ್ಪ ಹೇಳಬೇಕು. ಅವಳ ಊರು ಹಲಗೂರು ಕಡೆ. ಅವರದು ಎರಡು ತಲೆಮಾರಿನಿಂದ ಬುದ್ಧನನ್ನು ನಂಬಿದ ಮನೆ. ತಮಟೆ ಕಲಿಸಿದ್ದು ಅವಳ ತಾತ. ನನ್ನದು ಮದ್ದೂರು ತಾಲ್ಲೂಕಿನ ಕಬ್ಬು ಬೆಳೆಯುವ ಒಕ್ಕಲು ಮನೆ. ನಾವಿಬ್ಬರು ಜೊತೆಗೆ ಓಡಾಡಿದರೆ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ. ಆ ಪ್ರಶ್ನೆಯ ಮೇಲೇ ಒಂದು ಹಾಡು ಕಟ್ಟಿದ್ದೀವಿ.

ಯಾವೂರವ್ವ, ಯಾರ ಮಗಳವ್ವ
ಅದೆಲ್ಲ ಇರ್ಲಿ, ಯಾವ ಜನವ್ವ
ನೀರು ಕೊಡೋಕೆ ಮುಂಚೆ ಒಸಿ
ತಿಳ್ಕೊಂಡಿರ್ತೀನಿ, ಯಾವ ಜನವ್ವ

ಚಿಕ್ಕರಸಿನಕೆರೆಯ ಆಚೆ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಗೆ ಹೊಸ ಕಟ್ಟಡ ಆಗಿತ್ತು. ಅಲ್ಲಿನ ಮಹಿಳಾ ಸಂಘದ ಅಧ್ಯಕ್ಷೆ ನಮ್ಮ ವಿಡಿಯೋಗಳನ್ನೆಲ್ಲ ನೋಡುವವರು. ಮೇಡಂ ತನ್ನ ತಾತನ ಬಗ್ಗೆ, ನಾನು ನಮ್ಮ ಕಬ್ಬಿನ ಗದ್ದೆ ಬಗ್ಗೆ ಮಾತಾಡಿದ್ದ ವಿಡಿಯೋವನ್ನೂ ನೋಡಿದ್ದರು. ಅವರೇ ಫೋನು ಮಾಡಿ, ಬಂದು ಈ ಹಾಡು ಹಾಡಿ, ನಮ್ಮೂರಿಗೆ ಬೇಕು ಅಂತ ಕರೆದಿದ್ದರು.

ಬೆಳಗ್ಗೆ ಹನ್ನೊಂದಕ್ಕೆ ಹಾಡಿದೆವು. ಮುಗಿದ ಮೇಲೆ ಎಪ್ಪತ್ತು ದಾಟಿದ ಒಬ್ಬ ಯಜಮಾನರು ಬಿಳಿ ಪಂಚೆ ಎತ್ತಿ ಹಿಡಿದು ಬಂದರು. ಆ ಅಧ್ಯಕ್ಷೆಯ ಗಂಡ. ನಿಜವಾಗಲೂ ಕಣ್ಣು ಒದ್ದೆಯಾಗಿತ್ತು. ನಮ್ಮಿಬ್ಬರ ಕೈ ಹಿಡಿದು, ಇಂಥಾ ಮಾತನ್ನ ಯಾರಾದರೂ ಹೇಳಬೇಕಾಗಿತ್ತು, ಎಲ್ಲರ ಮೈಯಲ್ಲಿ ಹರಿಯೋದು ಒಂದೇ ರಕ್ತ, ನಾನು ಹುಟ್ಟಿದಾಗಿನಿಂದ ಯಾರನ್ನೂ ಆ ಪ್ರಶ್ನೆ ಕೇಳಿದವನಲ್ಲ ಅಂದರು. ಆಮೇಲೆ ಕೈ ಬಿಡದೆ, ದನಿ ತಗ್ಗಿಸಿ, "ಅದಿರ್ಲಿ, ನೀವು ಯಾವ ಜನ?" ಅಂದರು.

ನಾನು ಬಾಯಿ ತೆಗೆಯೋದರೊಳಗೆ ಮೇಡಂ ಉತ್ತರ ಕೊಟ್ಟಳು. ತನ್ನನ್ನು ತೋರಿಸಿ, ನಾವು ಒಕ್ಕಲು ಮನೆಯವರು, ನಿಮ್ಮವರೇ ಅಂದಳು. ನನ್ನನ್ನು ತೋರಿಸಿ, ಇವಳ ಮನೇಲಿ ಬುದ್ಧನ ಫೋಟೋ ಇಟ್ಟಿದ್ದಾರೆ ಅಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನೂ ಹೂಂ ಅಂದೆ, ತಮಾಷೆ ನೋಡೋಣ ಅಂತ. ಯಜಮಾನರು ನಮ್ಮಿಬ್ಬರನ್ನೂ ಒಮ್ಮೆ ದಿಟ್ಟಿಸಿ ನೋಡಿ, ಹೇಳಬೇಕಾ, ಮುಖ ನೋಡಿದರೇ ಗೊತ್ತಾಗುತ್ತೆ ಬಿಡಿ ಅಂದರು.

ಅಲ್ಲಿಗೂ ನಿಲ್ಲಲಿಲ್ಲ. ಯಾವೂರು ಅಂತ ಮೇಡಂನ ಕೇಳಿದರು. ಹಲಗೂರು ಕಡೆ ಅಂದಳು, ಅದು ನಿಜವೇ. ಅವರ ಚಿಕ್ಕಪ್ಪನ ಮಗಳನ್ನು ಅಲ್ಲಿಗೇ ಕೊಟ್ಟಿದೆಯಂತೆ. ನಿಂತಲ್ಲೇ ಬೆರಳು ಎಣಿಸಿ ನಂಟಸ್ತನ ಕೂಡಿಸಿ, ಹಂಗಾದರೆ ನೀನು ನನಗೆ ಮೊಮ್ಮ‌ಗಳಾಗಬೇಕು ಅಂತ ತೀರ್ಮಾನ ಮಾಡಿದರು. ಊಟ ಮಾಡದೆ ಹೋಗಂಗಿಲ್ಲ ಅಂತ ಮನೆಗೆ ಕರೆದುಕೊಂಡು ಹೋದರು.

ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಮೇಡಂಗೆ ತಮ್ಮ ಪಕ್ಕದಲ್ಲೇ ಚಾಪೆ ಹಾಕಿಸಿ, ಸ್ಟೀಲ್ ತಟ್ಟೆಗೆ ತಾವೇ ತುಪ್ಪ ಬಡಿಸಿದರು. ನನಗೆ ಬಾಗಿಲ ಹತ್ತಿರ ಚಾಪೆ, ಪೇಪರ್ ತಟ್ಟೆ, ಪೇಪರ್ ಲೋಟ. ಒರಟಾಗಿ ಏನೂ ಹೇಳಲಿಲ್ಲ. ಅಲ್ಲಿ ಗಾಳಿ ಚೆನ್ನಾಗಿ ಬತ್ತದೆ ಕಣಮ್ಮ ಅಂದರು.

ತಮಾಷೆ ಅಂತ ಒಪ್ಪಿಕೊಂಡದ್ದು. ಆದರೆ ಆ ಪೇಪರ್ ತಟ್ಟೆ ಮುಂದೆ ಕೂತಾಗ ನನಗೆ ನಗು ಬರಲಿಲ್ಲ. ಆ ಹಾಡನ್ನು ಎಷ್ಟು ಸಲ ಹಾಡಿದ್ದೆನೋ, ಪದ ನನ್ನದೇ. ಆದರೆ ಹುಟ್ಟಿದಾಗಿನಿಂದ ಯಾರೂ ನನ್ನನ್ನು ಬಾಗಿಲ ಹತ್ತಿರ ಕೂರಿಸಿರಲಿಲ್ಲ. ತಲೆ ಎತ್ತಿದರೆ ಮೇಡಂ ನನ್ನನ್ನೇ ನೋಡ್ತಾ ಇದ್ದಳು. ಅವಳೂ ನಗ್ತಾ ಇರಲಿಲ್ಲ.

ಅಷ್ಟರಲ್ಲಿ ಡೈರಿಯ ಕೆಲಸ ಮುಗಿಸಿ ಅಧ್ಯಕ್ಷೆ ಮನೆಗೆ ಬಂದರು. ಹೊಸ್ತಿಲಲ್ಲಿ ನಿಂತು ಯಾರು ಎಲ್ಲಿ ಕೂತಿದ್ದಾರೆ ಅಂತ ಒಂದು ಸಲ ನೋಡಿದರು. ಒಳಗೆ ಹೋಗಿ ಎರಡು ಸ್ಟೀಲ್ ತಟ್ಟೆ ತಂದರು. ನನ್ನ ಪೇಪರ್ ತಟ್ಟೆ ತೆಗೆದು ಒಂದನ್ನು ನನ್ನ ಮುಂದೆ ಇಟ್ಟು, ಇನ್ನೊಂದನ್ನು ಇಟ್ಟುಕೊಂಡು ಬಾಗಿಲ ಹತ್ತಿರ ನನ್ನ ಪಕ್ಕದಲ್ಲೇ ತಾವೂ ಕೂತರು. ಯಜಮಾನರು ಕೊನೆಯ ತುತ್ತು ನುಂಗಿ, ಕೈ ತೊಳೆದು, ಟವಲ್ಲಿಗೆ ಒರೆಸಿಕೊಳ್ಳುವವರೆಗೂ ಕಾದು, ಅಧ್ಯಕ್ಷೆ ಕೇಳಿದರು.

"ಏನ್ರೀ, ನಿಮ್ಮ ಮಗ್ಗುಲಲ್ಲಿ ಕೂತು ಉಂಡಳಲ್ಲ, ಅವಳು ಬುದ್ಧನ ಮನೆಯವಳು. ಬಾಗ್ಲ ತಾವ ಕೂರ್ಸಿದ್ರಲ್ಲ, ಅವಳು ಒಕ್ಲು ಮನೆಯವಳು. ಈಗ ಏನ್ ಮಾಡೀರಿ?"

ಯಜಮಾನರು ಟವಲ್ಲು ಹಿಡಿದುಕೊಂಡೇ ನಿಂತರು. ಮೇಡಂನ ನೋಡಿದರು, ನನ್ನನ್ನು ನೋಡಿದರು, ಇಬ್ಬರ ತಟ್ಟೆ ನೋಡಿದರು. ಮೇಡಂ ಎದ್ದು ನಿಂತಿದ್ದಳು, ಬೈದರೆ ಬೈಸಿಕೊಂಡು ಹೊರಡೋಣ ಅಂತ. ನಾನು ಚಪ್ಪಲಿ ಎಲ್ಲಿದೆ ಅಂತ ನೋಡಿಕೊಂಡೆ. ಕೊನೆಗೆ ಅವರು ಗೋಡೆಗೆ ಒರಗಿ ಕೂತು, ಮೇಡಂಗೂ ಕೂರು ಅಂತ ಕೈಸನ್ನೆ ಮಾಡಿದರು.

"ಆಗೋಯ್ತು ಬುಡು. ಮೊಮ್ಮಗಳು ಅಂದ್ಬುಟ್ಟಿದ್ದೀನಿ. ಅಂದ ಮಾತ ವಾಪಸ್ ತಗೊಳಕ್ಕಾಯ್ತದಾ?"

ಹೇಳಿದ ಹಾಗೇ ನಡೆದುಕೊಂಡರು. ಅವತ್ತಿನಿಂದ ಹಬ್ಬ ಬಂದರೆ ಮೇಡಂಗೆ ಅವರ ಫೋನು ಬರುತ್ತೆ. ಮೊಮ್ಮಗಳೇ, ಊಟಕ್ಕೆ ಬಂದೋಗು ಅಂತಾರೆ. ಇವಳು ಹೋಗ್ತಾಳೆ. ಮೇಡಂನ ಅಮ್ಮನಿಗೆ ಹುಷಾರಿಲ್ಲದಾಗ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಹಲಗೂರಿಗೆ ಹೋಗಿ, ಬುದ್ಧನ ಫೋಟೋ ಕೆಳಗೆ ಕೂತು ಕಾಫಿ ಕುಡಿದು ಬಂದರು. ನಾನು ಈ ಕಥೆಯನ್ನೆಲ್ಲ ನಮ್ಮಮ್ಮನಿಗೆ ಹೇಳಿದೆ. ಅಮ್ಮ ಯಜಮಾನರ ಊರು, ಮನೆ ಯಾವುದು ಅಂತ ವಿಚಾರಿಸಿ, ಬಿದ್ದು ಬಿದ್ದು ನಕ್ಕಳು. ಆತ ನನ್ನ ಅಜ್ಜಿಯ ಖಾಸಾ ಸೋದರಮಾವನ ಮಗನಂತೆ. ಲೆಕ್ಕ ಹಾಕಿದರೆ ಮೊಮ್ಮಗಳಾಗಬೇಕಾದವಳು ನಾನೇ.

ಮುಂದಿನ ಸಲ ಫೋನು ಬಂದಾಗ ಇದನ್ನು ಹೇಳು ಅಂತ ಮೇಡಂಗೆ ಹೇಳಿದೆ. ಅವಳು ಹೇಳಿದಳು. ಯಜಮಾನರು ಸಾವಕಾಶವಾಗಿ ಕೇಳಿಸಿಕೊಂಡು, ಯಾರು, ಬಾಗಿಲ ತಾವ ಕೂತಿದ್ದಳಲ್ಲ, ಆ ಹೆಣ್ಣುಮಗಳಾ ಅಂದರಂತೆ. ಮಾರನೇ ವಾರ ಮಳವಳ್ಳಿಗೆ ಮೇಡಂ ಹೆಸರಿನಲ್ಲಿ ಒಂದು ಚೀಲ ಅವರೆಕಾಯಿ ಬಂತು. ಜೊತೆಗೆ ಒಂದು ಮಾತನ್ನೂ ಹೇಳಿ ಕಳಿಸಿದ್ದರು.

"ಆ ಮಗಳಿಗೂ ಎರಡು ಹಿಡಿ ಕೊಡವ್ವ, ಬೇಜಾರು ಮಾಡ್ಕಂಡಾಳು."